ಅಕ್ಕನ ಕಾಲಿನ ಪಟ್ಟಿ

ಅಕ್ಕನ ಎಡಗಾಲಿನ ಮೀನಖಂಡದ ತುಂಬ ನೀಲಿ ನರಗಳು ಗಂಟುಗಂಟಾಗಿ ಉಬ್ಬಿದ್ದವು. ಪಾದದ ಮೇಲಿನ ಹರಡಿನ ಹತ್ತಿರ ಚರ್ಮ ಕಪ್ಪಿಟ್ಟಿತ್ತು. ದೋಸೆ ಹುಯ್ಯುವಾಗ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸುತ್ತಿದ್ದುದರಿಂದ ಅದು ಎಲ್ಲರಿಗೂ ಕಾಣುತ್ತಿತ್ತು. ಅವಳು ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತಿದ್ದೆ. ಆ ಕಾಲಿನ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚಿತ್ತು ಎಂದು ಹೇಳಿದರೆ ನೀವು ನಗುತ್ತೀರಿ.

ತೊಂಬತ್ತರ ದಶಕದಲ್ಲಿ ಹಳೇಬೀಡಿನ ಬಸ್ ನಿಲ್ದಾಣದ ಎದುರು ನಮ್ಮ ಮನೆಯವರದೊಂದು ಸಣ್ಣ ಹೋಟೆಲ್ ಇತ್ತು. ದೇವಸ್ಥಾನ ನೋಡಿ ಬಂದವರು ಬೇಲೂರಿನ ಬಸ್ಸು ಹಿಡಿಯುವ ಮೊದಲು ನಮ್ಮಲ್ಲಿ ತಿನ್ನುತ್ತಿದ್ದರು. ಅಕ್ಕ ದೋಸೆ ಕಲ್ಲಿನ ಮುಂದೆ, ನಾನು ಕಾಫಿಯ ಹತ್ತಿರ. ಬೆಳಗಿನಿಂದ ನಿಂತೇ ಇರುತ್ತಿದ್ದವರು ಇಬ್ಬರೂ. ನರ ಉಬ್ಬಿದ್ದು ಮಾತ್ರ ಅವಳಿಗೆ.

ಭಾವ ಅವಳನ್ನು ಹಾಸನದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಬಂದವಳು ನನಗೆ ಬಿಡಿಸಿ ಹೇಳಿದಳು. "ಕಾಲಿಗಿಳಿದ ರಕ್ತ ಮೇಲಕ್ಕೆ ಹತ್ಬೇಕಲ್ಲ, ಅದಕ್ಕೆ ನರದೊಳಗೆ ಸಣ್ಣ ಸಣ್ಣ ಬಾಗ್ಲು ಇರ್ತವಂತೆ ಕಣೆ. ನನ್ವು ಸಡಿಲ ಆಗವೆ. ಹತ್ತಿದ್ದು ವಾಪಸ್ ಇಳೀತೈತೆ." ಆಪರೇಷನ್ ಅಂದದ್ದಕ್ಕೆ ಹೆದರಿ ಒಲ್ಲೆ ಅಂದಿದ್ದಳು. ಹಾಗಾದರೆ ಒಂದೇ ಕಡೆ ನಿಲ್ಲಬೇಡಿ, ಮಲಗಿದಾಗ ಕಾಲು ಎತ್ತರದಲ್ಲಿಡಿ, ಬೆಳಿಗ್ಗೆ ಕಾಲು ನೆಲಕ್ಕಿಡುವ ಮುಂಚೆಯೇ ಇದನ್ನು ಕಟ್ಟಿ ಎಂದು ಎಳೆದರೆ ಹಿಗ್ಗುವ ಬಟ್ಟೆಯ ಪಟ್ಟಿಯನ್ನು ಡಾಕ್ಟರು ಕೊಟ್ಟಿದ್ದರು.

ಆ ಪಟ್ಟಿಯೇ ನನ್ನ ನೆಮ್ಮದಿ ಕೆಡಿಸಿದ್ದು. ಅದನ್ನು ಕಟ್ಟುತ್ತಿದ್ದವರು ಭಾವ. ನಾನು ಹಂಡೆಗೆ ಬೆಂಕಿ ಹಾಕಲು ಹೋಗುವಾಗ ಅವರ ಕೋಣೆಯ ಬಾಗಿಲು ಅರೆ ತೆರೆದಿರುತ್ತಿತ್ತು. ಮಂಚದ ತುದಿಯಲ್ಲಿ ಕೂತು, ಹೆಂಡತಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳ ಬುಡದಿಂದ ಶುರುಮಾಡಿ, ಹಿಮ್ಮಡಿ ಬಳಸಿ, ಮೊಣಕಾಲಿನವರೆಗೆ ಸುತ್ತುತ್ತಿದ್ದರು. ಕೆಳಗೆ ಬಿಗಿ, ಮೇಲೆ ಹೋಗುತ್ತ ಸಡಿಲ. "ಬಿಗಿ ಆಯ್ತೇನೆ?" ಎಂದು ಕೇಳುತ್ತಿದ್ದರು. ಇವಳು ಮಲಗಿದಲ್ಲಿಂದಲೇ, ಮಹಾರಾಣಿಯ ಹಾಗೆ, "ಊಂ, ಸಾಕು" ಅನ್ನುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಜ್ವರ ಬಂದು ಮಲಗಿದರೂ ನಮ್ಮ ಯಜಮಾನರು ಹಣೆ ಮುಟ್ಟಿ ನೋಡಿದವರಲ್ಲ. ಆದರೂ ದಿನಾ ನಿಂತು ನೋಡುತ್ತಿದ್ದೆ. ಸ್ನಾನ ಮಾಡುವಾಗ ನನ್ನ ಕಾಲನ್ನೂ ತಡವಿಕೊಳ್ಳುತ್ತಿದ್ದೆ, ಎಲ್ಲಾದರೂ ಒಂದು ನರ ಉಬ್ಬಿರಬಹುದೇನೋ ಎಂದು. ಹಾಳಾದ್ದು, ನುಣ್ಣಗಿರುತ್ತಿತ್ತು.

ಒಂದೇ ಕಡೆ ನಿಲ್ಲಬಾರದಲ್ಲ, ಅಕ್ಕ ಹಿಮ್ಮಡಿ ಎತ್ತಿ ಇಳಿಸುತ್ತ ದೋಸೆ ಹುಯ್ಯುತ್ತಿದ್ದಳು. "ಏನಮ್ಮ, ಕುಣೀತಿದ್ದೀಯಾ?" ಎಂದು ಯಾರಾದರೂ ಕೇಳಿದರೆ, "ಹೂಂ, ಎದ್ದು ತಾಳ ಹಾಕಿ" ಅನ್ನುವಳು. ಗಿರಾಕಿಗಳೆಲ್ಲ ಅವಳ ಕಡೆಗೇ. ಕೊನೆಯ ದೋಸೆಗೆ ತುಪ್ಪ ಹಾಕಿ ನನಗೆ ಕೊಡುತ್ತಿದ್ದಳು. ಅದನ್ನು ತಿನ್ನುವಾಗಲೂ ಸಿಟ್ಟೇ ಬರುತ್ತಿತ್ತು.

ಒಂದು ಮಧ್ಯಾಹ್ನ ಅಣ್ಣತಮ್ಮಂದಿರು ತೆಂಗಿನಕಾಯಿ ತರಲು ಅರಸೀಕೆರೆಗೆ ಹೋಗಿದ್ದರು. ಸೆಕೆಯೆಂದು ಅಕ್ಕ ಪಟ್ಟಿ ಬಿಚ್ಚಿಟ್ಟಿದ್ದಳು. ಬೆಂಚಿನ ಮೂಲೆ ತಗುಲಿ ಉಬ್ಬಿದ ನರ ಒಡೆದು ರಕ್ತ ಚಿಮ್ಮಿತು. ಗಿರಾಕಿಯೊಬ್ಬರು ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ಇನ್ನೊಬ್ಬರು, "ಕಾಫಿಪುಡಿ ಮೆತ್ತಿ, ನಿಲ್ತದೆ" ಎಂದು ಡಬ್ಬ ತಂದರು. ರಕ್ತ ನಿಲ್ಲುವ ಹಾಗೆ ಕಾಣಲಿಲ್ಲ. ನಾನು ಡಬ್ಬ ಕಿತ್ತಿಟ್ಟು ಅಕ್ಕನನ್ನು ನೆಲದ ಮೇಲೆ ಮಲಗಿಸಿದೆ. ಕಾಲನ್ನು ಎತ್ತಿ ಬೆಂಚಿನ ಮೇಲಿಟ್ಟು, ಒಗೆದ ಬಟ್ಟೆ ಮಡಿಸಿ ಅದುಮಿ ಹಿಡಿದೆ. ಎತ್ತರದಲ್ಲಿಟ್ಟ ಕಾಲಿಗೆ ರಕ್ತ ಇಳಿಯುವುದಿಲ್ಲವಲ್ಲ. ನಿಧಾನವಾಗಿ ನಿಂತಿತು. ಆ ಬಟ್ಟೆಯ ಮೇಲೇ ಪಟ್ಟಿ ಸುತ್ತಿದೆ. ಬೆರಳ ಬುಡದಿಂದ, ಹಿಮ್ಮಡಿ ಬಳಸಿ, ಕೆಳಗೆ ಬಿಗಿ, ಮೇಲೆ ಸಡಿಲ. ನನಗೆ ಯಾರೂ ಕಲಿಸಿರಲಿಲ್ಲ.

ಅಕ್ಕ ಬಿಳಿಚಿಕೊಂಡಿದ್ದಳು. ಆದರೂ ನಕ್ಕಳು. "ದಿನಾ ಬಾಗ್ಲತ್ರ ನಿಂತ್ಕತಿದ್ದಿದ್ದು ಗೊತ್ತಿತ್ತು ಕಣೆ. ನೋಡ್ಲಿ ಅಂತಾನೇ ಅದನ್ನ ಅರ್ಧ ತೆಗೆದಿಡ್ತಿದ್ದೆ."

ಕೈಯೆಲ್ಲ ಅವಳ ರಕ್ತವಾಗಿತ್ತು, ಇಲ್ಲದಿದ್ದರೆ ಎರಡು ಬಾರಿಸುತ್ತಿದ್ದೆ.

ಆಮೇಲೆ ಹಾಸನದಲ್ಲಿ ಆಪರೇಷನ್ ಆಯಿತು. ನಿಂತು ಕೆಲಸ ಮಾಡುವವಳಾದ್ದರಿಂದ ಪಟ್ಟಿ ಮಾತ್ರ ತಪ್ಪಲಿಲ್ಲ. ಕೆಲವು ವರ್ಷಗಳಿಗೆ ನನ್ನ ಕಾಲಲ್ಲೂ ನರ ಉಬ್ಬಿತು. ಪಟ್ಟಿ ಕಟ್ಟಬೇಕಂತೆ ಎಂದು ಯಜಮಾನರಿಗೆ ಹೇಳಿದೆ. "ನಿಂಗೇ ಕಟ್ಟಾಕ್ ಬತ್ತದಲ್ಲ" ಅಂದರು. ಪಕ್ಕದ ಕೋಣೆಗೆ ಅದು ಕೇಳಿಸಿರಬೇಕು. ಮಾರನೆಯ ಬೆಳಿಗ್ಗೆ ಕಣ್ಣು ಬಿಟ್ಟಾಗ ಅಕ್ಕ ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಬಿಗಿ ಆಯ್ತೇನೆ?" ಎಂದು ಥೇಟ್ ಭಾವನ ಹಾಗೆಯೇ ಕೇಳಿದಳು. ಹೃದಯ ನಿಂತು ಸಾಯುವ ಹಿಂದಿನ ದಿನದವರೆಗೂ ಅವಳೇ ಕಟ್ಟಿದಳು.

ಕಾರ್ಯವೆಲ್ಲ ಮುಗಿದ ಮೇಲೆ ಭಾವನನ್ನು ಅವಳ ಪಟ್ಟಿ ಕೇಳಿದೆ. ಒಗೆದು ಸುತ್ತಿ, ತಮ್ಮ ಅಂಗಿಗಳ ನಡುವೆ ಇಟ್ಟುಕೊಂಡಿದ್ದರು. ಕೈಗೆತ್ತಿಕೊಂಡು ನೋಡಿ, ಮತ್ತೆ ಅಲ್ಲೇ ಇಟ್ಟರು. "ಇದೊಂದು ಇರ್ಲಿ ಬಿಡಮ್ಮ. ನಿಂಗೆ ಹೊಸದು ತಂದ್ಕೊಡ್ತೀನಿ."

ತಂದುಕೊಟ್ಟರು. ಈಗ ನನ್ನ ಕಾಲಿಗೆ ನಾನೇ ಕಟ್ಟಿಕೊಳ್ಳುತ್ತೇನೆ. ಬಿಗಿಯಾಯಿತೇ ಎಂದು ಕೇಳುವವರಿಲ್ಲ. ಸತ್ತ ಮೇಲೂ ನನ್ನ ಹೊಟ್ಟೆ ಉರಿಸುತ್ತಾಳೆ ಅವಳು.