ಶಲ್ಯದ ಕೆಳಗಿನ ಬೆಲೆ

ಅವರ ಬಲಗೈಯ ಕಿರುಬೆರಳು ಅರ್ಧವೇ ಇತ್ತು. ಉಳಿದರ್ಧವನ್ನು ಹರೆಯದಲ್ಲಿ ಹತ್ತಿ ಜಿನ್ನಿನ ಹಲ್ಲಿಗೆ ಕೊಟ್ಟುಬಂದಿದ್ದರು. ಗಾಯ ಮಾಗಿದ ತುದಿ ಗುಂಡಗೆ, ನೆಕ್ಕಿಟ್ಟ ಬೆಲ್ಲದ ಚೂರಿನ ಹಾಗೆ ಮಿರುಗುತ್ತಿತ್ತು. ಬೇರೆಯವರಿಗಾದರೆ ಅದೊಂದು ಊನ, ಅಷ್ಟೇ. ಇವರಿಗೆ ಧಂದೆಯ ತೊಡಕು. ಏಕೆಂದರೆ ಇವರು ಹುಬ್ಬಳ್ಳಿ ಅರಳೆ ಪೇಟೆಯ ದಲಾಲರು, ಮತ್ತು ದಲಾಲರ ವ್ಯಾಪಾರವೆಲ್ಲ ಬೆರಳಿನಲ್ಲಿ. ಇಬ್ಬರು ಎದುರುಬದುರು ಕೂತು, ಕೈಗಳ ಮೇಲೆ ಶಲ್ಯ ಹೊದಿಸಿ, ಒಬ್ಬರ ಬೆರಳನ್ನೊಬ್ಬರು ಹಿಡಿದು ಬೆಲೆ ಹೇಳುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು, ಐದು ಹಿಡಿದು ಮತ್ತೊಂದು ಹಿಡಿದರೆ ಆರು. ಸುತ್ತ ನಿಂತವರಿಗೆ ಕಾಣುವುದು ಬಟ್ಟೆಯ ಅಲುಗಾಟ ಮಾತ್ರ. ಹೊಸಬರು ಆ ಮೋಟು ಬೆರಳು ಸಿಕ್ಕು ತಬ್ಬಿಬ್ಬಾದರೆ ಅವರು ಹೇಳುತ್ತಿದ್ದರು: "ಗಿಡ್ಡ ಅದ ಅಂತ ಅರ್ಧಾ ತಿಳೀಬ್ಯಾಡ್ರಿ. ಅದಕ್ಕೂ ಪೂರಾ ಬೆಲಿ."

ನಾನು ಅವರನ್ನು ದಲಾಲ ಕಾಕಾ ಎನ್ನುತ್ತಿದ್ದೆ. ರಕ್ತಸಂಬಂಧವೇನೂ ಇಲ್ಲ, ನಮ್ಮಿಬ್ಬರನ್ನು ಕೂಡಿಸಿದ್ದು ನನ್ನ ಹಾಳು ನಾಲಿಗೆ. ಅರಳೆ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಒಂದು ದಿನ ಹಮಾಲರ ಮುಂದೆ ನಮ್ಮ ಸಾವಕಾರರು ಸೀನುವುದನ್ನು, ಸೀನಿದ ಮೇಲೆ ದೇವರ ಹೆಸರು ಹೇಳುವುದನ್ನು, ಹೇಳುತ್ತ ಹೇಳುತ್ತ ಧೋತ್ರ ಬಿಗಿಮಾಡಿಕೊಳ್ಳುವುದನ್ನು ಆಡಿ ತೋರಿಸುತ್ತಿದ್ದೆ. ಹಮಾಲರು ನಗುವುದನ್ನು ಒಮ್ಮೆಲೇ ನಿಲ್ಲಿಸಿದರು. ಸಾವಕಾರರು ನನ್ನ ಬೆನ್ನ ಹಿಂದೆಯೇ ಇದ್ದರು. ಕೆಲಸ ಅಲ್ಲಿಗೆ ಮುಗಿಯಿತು. ಆಗ ಬಾಗಿಲಲ್ಲಿ ನಿಂತು ಕಣ್ಣೀರು ಬರುವಂತೆ ನಕ್ಕವರು ಕಾಕಾ ಒಬ್ಬರೇ. "ಛಲೋ ಮಾಡಿದಿ ತಮ್ಮಾ, ಆದರ ಧೋತ್ರಾ ಅವರು ಎಡಗೈಲೆ ಬಿಗೀತಾರ," ಎಂದರು.

ಕಾಕಾನ ಮನೆಯಲ್ಲಿ ಒಂದು ತಕರಾರು ಯಾವಾಗಲೂ ನಡೆಯುತ್ತಿತ್ತು. "ಪ್ಯಾಟ್ಯಾಗ ಗಾಡಿಗಟ್ಟಲೆ ಹತ್ತಿ ಚೌಕಾಶಿ ಮಾಡ್ತಾರ, ಬದನಿಕಾಯಿಗೆ ಮಾತ್ರ ಕೇಳಿದಷ್ಟ ಕೊಟ್ಟ ಬರ್ತಾರ," ಎಂದು ಅವರ ಹೆಂಡತಿ, ಕಾಕು, ಹಣೆ ಬಡಿದುಕೊಳ್ಳುತ್ತಿದ್ದರು. ಕಾಕಾ ಅಡಿಕೆ ಕತ್ತರಿಸುತ್ತ ಉತ್ತರಿಸುತ್ತಿದ್ದರು: "ದುರ್ಗದಬೈಲಿನ್ಯಾಗ ಬಿಸಲಾಗ ಕುಂತಿರ್ತಾಳ ಆಕಿ. ಬಿಸಲಿಗೆ ಬ್ಯಾರೆ ರೊಕ್ಕಾ ಹಾಕಂಗಿಲ್ಲಲ್ಲ."

ಕೆಲಸ ಹೋದ ನನಗೆ ಒಂದು ಖಾನಾವಳಿಯ ಹುಚ್ಚು ಹಿಡಿಯಿತು. ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಹದಿನೈದು ವರ್ಷದಿಂದ ನಡೆದುಬಂದದ್ದು. ಅದರ ಯಜಮಾನರು ಹೊಗೆ ಕಣ್ಣಿಗೆ ಆಗುವುದಿಲ್ಲ, ಮಾರಿಬಿಟ್ಟು ಅಣ್ಣಿಗೇರಿಯ ಮಗಳ ಮನೆಗೆ ಹೋಗುತ್ತೇನೆ ಎನ್ನುತ್ತಿದ್ದರು. ಕೇಳುತ್ತಿದ್ದುದು ಎಂಟುನೂರು. ನನ್ನ ಬಳಿ ಇದ್ದದ್ದು ಆರುನೂರೈವತ್ತು. ಅದೂ ನನ್ನದಲ್ಲ. ಧಾರವಾಡದಲ್ಲಿ ಹಾಲು ಮಾರಿ ನನ್ನನ್ನು ಓದಿಸಿದ ಅವ್ವ ನಾಲ್ಕು ಎಮ್ಮೆಗಳನ್ನೂ ಕೈಯೊಳಗಿನ ಪಾಟ್ಲಿ ಬಳೆಗಳನ್ನೂ ಮಾರಿ ತಂದು ಕೊಟ್ಟದ್ದು. ಕೊಡುವಾಗ ಒಂದೇ ಮಾತು ಅಂದಿದ್ದಳು: "ಇದು ಹೋದ್ರ ಮತ್ತ ಹಿಂಡಾಕ ನನ್ನ ಕಡೆ ಏನೂ ಉಳದಿಲ್ಲಪಾ."

ಕಾಕಾನ ಹತ್ತಿರ ಓಡಿದೆ. "ಎಂಟುನೂರಕ್ಕ ಬಾಳತೈತೇನ್ರಿ?"

"ಯಾರಿಗೆ ಗೊತ್ತು? ಅಲ್ಲಿ ಏನೇನ ಅದ ಹೇಳು."

ನಾನು ಹಂಚು, ಹಂಡೆ, ತಾಟು, ಮಣೆ, ಇನ್ನೆರಡು ವರ್ಷದ ಬಾಡಿಗೆ ಕರಾರು, ಎಲ್ಲ ಹೇಳಿದೆ.

"ಅವೆಲ್ಲಾ ಕೂಡಿ ಮೂರುನೂರು. ಉಳಿದದ್ದು?"

"ಹೆಸರ್ರಿ. ಗಿರಾಕಿ ತುಂಬಿರ್ತಾರ."

"ಯಜಮಾನ ಕುಂತಾಗ ತುಂಬಿರ್ತಾರ. ಅವ ಎದ್ದು ಹೋದ ಮ್ಯಾಲೆ ಏನ ಉಳೀತದ, ನೀ ಅದರ ಬೆಲಿ ಕೊಡಬೇಕು. ಅವನ ಬೆಲಿ ಅವನ ಕೂಡ ಅಣ್ಣಿಗೇರಿಗೆ ಹೋಗ್ತದ."

ಕಾಕಾ ಯಜಮಾನರನ್ನು ಒಪ್ಪಿಸಿದರು. ಅವರು ಎರಡು ದಿನ ಮಗಳ ಮನೆಗೆ ಹೋಗಬೇಕು, ಗಲ್ಲಾಪೆಟ್ಟಿಗೆಯ ಮುಂದೆ ನಾನು ಕೂಡಬೇಕು. ಯಜಮಾನರು ಹೊರಡುವಾಗ, "ಲಗೂ ನೋಡ್ರಿ ಮತ್ತ, ಮೂರನೇ ದಿನಾ ಸಂಜೀಕ ಗದಗಿನ ಪಾರ್ಟಿ ಬರೂದೈತಿ," ಎಂದು ಹೇಳಿಯೇ ಹೋದರು. ಕಾಕಾ ನನಗೆ ಕೊಟ್ಟ ಅಪ್ಪಣೆ ಇಷ್ಟೇ: "ಬಾಯಿ ಮುಚ್ಕೊಂಡು ಕೂಡು. ಎಷ್ಟು ಮಂದಿ ಒಳಗ ಬಂದ್ರು, ಎಷ್ಟು ಮಂದಿ ನಿನ್ನ ಮಾರಿ ನೋಡಿ ಹೊಳ್ಳಿ ಹೋದ್ರು, ಅಷ್ಟ ನೋಡು."

ಬಾಯಿ ಮುಚ್ಚಿಕೊಳ್ಳುವುದು! ನನಗೆ!

ಮೊದಲ ದಿನ ಮಧ್ಯಾಹ್ನ ಬಾಗಿಲ ಪರದೆ ಸರಿಸಿ ಇಣುಕಿದವರಲ್ಲಿ ಏಳು ಜನ ಹಿಂತಿರುಗಿದರು. "ಯಜಮಾನ್ರಿಲ್ಲೇನು? ಆತು ಬಿಡ್ರಿ, ಆಮ್ಯಾಲೆ ಬರ್ತೇವಿ," ಅನ್ನುವುದು, ಹೋಗುವುದು. ಎಂಟನೆಯವನ ಚಪ್ಪಲಿ ಸಪ್ಪಳ ಕೇಳಿಸಿತು. ಕಾಕಾ ಬ್ಯಾಡ ಅಂದುಬಿಟ್ಟರೆ? ನಾನು ಮತ್ತೆ ಯಾವ ಸಾವಕಾರನ ಸೀನು ಕೇಳಿಕೊಂಡು ಬಾಳಲಿ? ಪರದೆಯ ಹಿಂದೆ ಸರಿದು, ಗಂಟಲನ್ನು ಸ್ವಲ್ಪ ಒಡಕು ಮಾಡಿ, ಯಜಮಾನರ ದನಿ ತೆಗೆದೇಬಿಟ್ಟೆ: "ಬರ್ರಿ ಬರ್ರಿ ಬರ್ರಿ! ಇವತ್ತ ಎಣ್ಣಿಗಾಯಿ ಐತಿ, ಕೂಡ್ರಿ! ಏ, ಅಣ್ಣಾರಿಗೆ ಬಿಸಿ ರೊಟ್ಟಿ ತಾರೋ!"

ಅವನು ಒಳಗೆ ಬಂದ. ಅವನ ಹಿಂದೆ ಇನ್ನಿಬ್ಬರು. ಒಳಗೆ ಒಲೆಯ ಮುಂದಿದ್ದ ರೊಟ್ಟಿ ಬಡಿಯುವ ದೊಡ್ಡವ್ವ ಕೂಡ, "ಯಾವಾಗ ಬಂದ್ರಿ ಯಜಮಾನ್ರ?" ಎಂದು ಕೂಗಿದಳು. ಎರಡು ದಿನ ಪರದೆಯ ಹಿಂದಿನಿಂದ ಖಾನಾವಳಿ ತುಂಬಿಸಿದೆ.

ಎರಡನೆಯ ಸಂಜೆ ಕಾಕಾನ ಮುಂದೆ ನಿಂತು, ಮೊದಲ ಏಳು ಜನರಾದ ಮೇಲೆ ಒಬ್ಬನೂ ಹಿಂತಿರುಗಲಿಲ್ಲ ಎಂದು ಬೀಗಿದೆ. ಹೇಗೆ ಎಂದು ಕೇಳಿದಾಗ ಆಡಿಯೂ ತೋರಿಸಿದೆ. ಕಾಕಾ ನಗಲಿಲ್ಲ. ಅಡಕೊತ್ತು ಕೆಳಗಿಟ್ಟರು.

"ಹುಚ್ಚಪ್ಯಾಲಿ," ಎಂದರು ಮೆಲ್ಲಗೆ. "ತಕ್ಕಡ್ಯಾಗ ನೀನ ಹೋಗಿ ಕುಂತು ತೂಕಾ ಮಾಡಿ ಬಂದೀಯಲ್ಲೋ. ಈಗ ನನಗ ಗೊತ್ತಾದದ್ದು ನಿನ್ನ ಭಾರ, ಖಾನಾವಳೀದಲ್ಲ. ನಾಳಿ ಸಂಜೀಕ ಏನಂತ ಬೆರಳ ಹಿಡೀಲಿ ನಾ?"

ಅಂದು ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಮೂರನೆಯ ದಿನ ಇಳಿಹೊತ್ತಿಗೆ ನಾವು ಖಾನಾವಳಿಗೆ ಹೋದಾಗ ಯಜಮಾನರು ಬಂದಿದ್ದರು, ಎರಡೆರಡು ಸಲ ಓಣಿಯ ತಿರುವಿನ ಕಡೆ ನೋಡುತ್ತಿದ್ದರು. ಗದಗಿನವರ ದಾರಿ ಕಾಯುತ್ತಿದ್ದಾರೆಂದುಕೊಂಡೆ. ಕಾಕಾ ಮಾತ್ರ ಅವರತ್ತ ನೋಡದೆ ನೇರ ಒಲೆಯ ಕೋಣೆಗೆ ನಡೆದರು. ನಾವೂ ಹಿಂದೆ ಹೋದೆವು. ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು.

"ಯವ್ವಾ, ಇದನ್ನ ಈ ಹುಡುಗ ತಗೊಂಡ್ರ ನೀ ಇರ್ತೀಯೇನು?"

ಬಡಿತ ನಿಲ್ಲಲಿಲ್ಲ. "ಈಗ ಕೇಳಿದ್ರಿ ನೋಡ್ರಿ. ಹನ್ನೊಂದು ವರ್ಷದಾಗ ಕಟಗಿ ಎಷ್ಟು ಬೇಕು, ಹಿಟ್ಟು ಎಷ್ಟು ಬೇಕು, ಅಷ್ಟ ಕೇಳ್ಯಾರ. ಮಾರೂದು ಗೊತ್ತಾದದ್ದೂ ನನಗ ಗಿರಾಕಿ ಬಾಯಿಂದ." ರೊಟ್ಟಿಯನ್ನು ಹಂಚಿಗೆ ಹಾಕಿ ನನ್ನ ಕಡೆ ತಿರುಗಿದಳು. "ಇರ್ತೇನೋ ಇಲ್ಲೋ ಈಗ ಹೇಳಾಂಗಿಲ್ಲ. ಯಜಮಾನ್ರು ಹ್ಯಾಂಗ ಹೋಗ್ತಾರ ನೋಡಿ ಹೇಳ್ತೇನಿ. ನೀ ಮಾತ್ರ ನನ್ನ ದನಿ ತಗದಿ ಅಂದ್ರ, ಈ ಕಾದ ಹಂಚು ನಿನ್ನ ತಲಿ ಮ್ಯಾಲೆ."

ಯಜಮಾನರ ಮುಖ ಇಳಿಯಿತು. ಕಾಕಾ ಹೊರಗೆ ಬಂದು, ಮಣೆಯ ಮೇಲೆ ಕೂತು, ಹೆಗಲಿನ ಶಲ್ಯ ತೆಗೆದರು. ನನಗೆ ಹೇಳಿದರು: "ಶಲ್ಯ ಹಾಸಿದ ಮ್ಯಾಲೆ ನಾ ಏನ ಹಿಡೀತೇನಿ ಅದಕ್ಕ ನೀ ಹೂಂ ಅನ್ನಬೇಕು. ಒಪ್ಪಿಗಿ ಇಲ್ಲಂದ್ರ ಈಗ ಹೇಳು."

ಅವ್ವನ ನಾಲ್ಕು ಎಮ್ಮೆಗಳು ನನ್ನ ಕಣ್ಣ ಮುಂದೆ ಸಾಲಾಗಿ ಹಾದುಹೋದವು. "ಹೂಂ," ಎಂದೆ.

"ಬೆರಳಿಗೆ ನೂರು," ಎಂದು ಗಟ್ಟಿಯಾಗಿ ಹೇಳಿ ಕಾಕಾ ಯಜಮಾನರ ಕೈ ಹಿಡಿದರು. ಶಲ್ಯ ಇಬ್ಬರ ಕೈಗಳನ್ನೂ ಮುಚ್ಚಿತು.

ನನ್ನ ಬದುಕನ್ನು ಬಟ್ಟೆಯ ಕೆಳಗೆ ಎರಡು ಕೈಗಳು ಕುಕ್ಕುತ್ತಿದ್ದವು, ನನಗೆ ಮಡಿಕೆಗಳಷ್ಟೇ ಕಾಣುತ್ತಿದ್ದವು. ಏಳಕ್ಕೆ ನಿಂತರೆ ನಾನು ಮುಳುಗಿದೆ. ಮುಖ ಓದುವುದರಲ್ಲಿ ನನ್ನಂಥವನಿಲ್ಲ ಎಂಬ ಜಂಬದಿಂದ ಯಜಮಾನರ ಮುಖಕ್ಕೇ ಕಣ್ಣು ನೆಟ್ಟೆ. ಹುಬ್ಬು ಗಂಟಿಕ್ಕಿತು. ತಲೆ ಅಡ್ಡಡ್ಡ ಆಡಿತು. ಬಹಳ ಹೊತ್ತು ಏನೂ ಆಗಲಿಲ್ಲ. ಒಳಗಿನ ರೊಟ್ಟಿಯ ಬಡಿತವೊಂದೇ. ಆಮೇಲೆ ಅವರು ಕಣ್ಣು ಮುಚ್ಚಿ ತಲೆ ಬಗ್ಗಿಸಿದರು. ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಶಲ್ಯ ಒಮ್ಮೆ ಜೋರಾಗಿ ಜಗ್ಗಿತು. ಯಜಮಾನರು ಕೈ ಹಿಂದೆ ಎಳೆದುಕೊಂಡಂತೆ, ಕಾಕಾ ಬಿಡದಂತೆ. ಯಜಮಾನರು ಕಣ್ಣು ತೆರೆದು ಕಾಕಾನನ್ನು ಪಿಳಿಪಿಳಿ ನೋಡಿದರು.

"ಆರುನೂರು. ಮಾತಾತು," ಎಂದು ಕಾಕಾ ಶಲ್ಯ ಕೊಡವಿದರು.

ನನಗೆ ಕುಣಿಯುವಂತಾಯಿತು. ಎಂಟರಿಂದ ಆರಕ್ಕೆ! ದಲಾಲಿ ಎಷ್ಟು ಎಂದು ಕೇಳಿದೆ. "ಅರಳಿ ಬಿಟ್ಟು ಬ್ಯಾರೆ ಯಾವುದಕ್ಕೂ ನಾ ದಲಾಲಿ ತಗೊಳ್ಳಾಂಗಿಲ್ಲ," ಎಂದರು. ಗದಗಿನವರು ಅಂದು ಬರಲೇ ಇಲ್ಲ. ರೈಲು ತಪ್ಪಿರಬೇಕು, ಪಾಪ, ಎಂದು ಮರುಗಿದೆ. ಜಾಣ ನಾನು!

ಮರುದಿನದಿಂದ ಹದಿನೈದು ದಿನ ಯಜಮಾನರು ಯಾರೂ ಹೇಳದೆಯೇ ಬಂದು ನನ್ನ ಪಕ್ಕ ಕೂತರು. ಪರದೆ ಸರಿದಾಗಲೆಲ್ಲ ಗಿರಾಕಿಯ ಮುಂದೆ ನನ್ನ ಬೆನ್ನು ತಟ್ಟಿ, "ಇನ್ನ ಮ್ಯಾಲೆ ಇವನ ಕಡೆ ಉಣ್ರಿ, ನಮ್ಮ ಹುಡುಗನ," ಎನ್ನುವುದು, ಆಮೇಲೆ ನನ್ನ ಕಿವಿಯಲ್ಲಿ, "ಇವರಿಗೆ ಖಾರಾ ಕಡಿಮಿ, ಇವರು ಸೋಮಾರ ಉಳ್ಳಾಗಡ್ಡಿ ಮುಟ್ಟಾಂಗಿಲ್ಲ," ಎನ್ನುವುದು. ಹದಿನಾರನೆಯ ದಿನ ಅವರು ಅಣ್ಣಿಗೇರಿಗೆ ಹೋದರು. ನಾನು ಬೆಳಿಗ್ಗೆ ಹೆದರುತ್ತ ಬಾಗಿಲು ತೆಗೆಯಲು ಹೋದರೆ ದೊಡ್ಡವ್ವ ಮೆಟ್ಟಿಲ ಮೇಲೆ ಕೂತಿದ್ದಳು. "ಬೀಗಾ ತಗೀ, ಹೊತ್ತಾತು," ಎಂದಳು.

ಆರು ವರ್ಷವಾಯಿತು. ಅವ್ವ ನನ್ನ ಜೊತೆಗಿದ್ದಾಳೆ, ಕೈಗೆ ಪಾಟ್ಲಿ ಮರಳಿವೆ. ಕಾಕಾ ಆಗಾಗ ಬಂದು ಎರಡು ರೊಟ್ಟಿ ಉಂಡು, ಬೇಡವೆಂದರೂ ದುಡ್ಡಿಟ್ಟು ಹೋಗುತ್ತಿದ್ದರು. ನಾನು ಗಿರಾಕಿಗಳ ಮುಂದೆ ಶಲ್ಯದ ಪ್ರಸಂಗವನ್ನು ಎಷ್ಟು ಸಲ ಆಡಿ ತೋರಿಸಿದ್ದೇನೋ. ಕಾಕಾ ಎಂಟರಿಂದ ಆರಕ್ಕೆ ಹಿಂಡುವಾಗ ಯಜಮಾನರು ಹೇಗೆ ಪಿಳಿಪಿಳಿ ನೋಡಿದರು ಎನ್ನುವಲ್ಲಿ ಮಂದಿ ಬಿದ್ದು ಬಿದ್ದು ನಗುತ್ತಿದ್ದರು.

ಹೋದ ಶ್ರಾವಣದಲ್ಲಿ ಕಾಕಾ ಮೂರೇ ದಿನದ ಜ್ವರದಲ್ಲಿ ತೀರಿಕೊಂಡರು. ಪೇಟೆ ಅರ್ಧ ದಿನ ಮುಚ್ಚಿತ್ತು. ಅಣ್ಣಿಗೇರಿಯಿಂದ ಯಜಮಾನರೂ ಬಂದರು. ಮಣ್ಣು ಮುಗಿಸಿ ಬಂದು ಕಾಕಾನ ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ ಅವರು ತಾವಾಗಿಯೇ ಬಾಯಿಬಿಟ್ಟರು.

"ಶಲ್ಯದ ಕೆಳಗಿನ ಮಾತು, ಇಬ್ಬರೂ ಬದುಕಿರೂತನಾ ಹೊರಗ ಹೇಳಬಾರದು. ಈಗ ಹೇಳ್ತೇನಿ ಕೇಳು. ನಾ ಅವತ್ತು ಐದಕ್ಕ ಒಪ್ಪಿದ್ದೆ."

"ಅಂದ್ರ?"

"ಐದುನೂರಕ್ಕ. ಗದಗಿನ ಪಾರ್ಟಿ ಇದ್ದಿಲ್ಲ, ಏನೂ ಇದ್ದಿಲ್ಲ. ಆ ರೊಟ್ಟಿ ಬಡಿಯೋ ಮುದಕಿ ಮಾತು ಕೇಳಿ ನನ್ನ ಧೈರ್ಯ ಹೋಗಿತ್ತು. ಐದು ಹಿಡದಾಗ ತಲಿ ಬಗ್ಗಿಸಿದೆ. ನಿಮ್ಮ ಕಾಕಾ ಬಿಡಲಿಲ್ಲ. ಮ್ಯಾಲೆ ಇನ್ನೊಂದು ಹಿಡದ್ರು. ತಪ್ಪಿ ಹಿಡದ್ರೇನೋ ಅಂತ ಕೈ ಎಳಕೊಂಡೆ. ಗಟ್ಟಿ ಒತ್ತಿ ಹಿಡದ್ರು."

ನನ್ನ ಮೈ ಉರಿಯಿತು. ನೂರು ರೂಪಾಯಿ! ಮೊದಲ ವರ್ಷ ಜೋಳದ ಚೀಲಕ್ಕೆ ದುಡ್ಡಿಲ್ಲದೆ ನಾನು ಬೆವರಿದ್ದೇನು, ನನ್ನ ದಲಾಲನೇ ನನ್ನ ಮೇಲೆ ಬೆಲೆ ಏರಿಸುವುದೇನು! ಹಾಗೆಂದು ಹೇಳಿಯೂಬಿಟ್ಟೆ, ಸತ್ತವರ ಮನೆಯ ಕಟ್ಟೆಯ ಮೇಲೆ ಕೂತು.

ಯಜಮಾನರು ನೆಲ ನೋಡುತ್ತ ಹೇಳಿದರು: "ಖಾನಾವಳಿ ಎದುರಿಗೆ ಖಾಲಿ ಮಳಿಗಿ ಇತ್ತಲ್ಲ, ಅದಕ್ಕ ನಾ ಮುಂಗಡ ಕೊಟ್ಟಿದ್ದೆ. ನಿನ್ನ ರೊಕ್ಕಾ ಇಸಗೊಂಡು, ಹೊಗಿ ನೋಡಾಕ ಆಳಿಟ್ಟು, ತಿಂಗಳೊಪ್ಪತ್ತಿನ್ಯಾಗ ಅಲ್ಲೇ ಹಂಚು ಇಡಾಂವಿದ್ದೆ. ಮುದಕೀನ ಕರಕೊಂಡು, ಗಿರಾಕೀನ ಕರಕೊಂಡು. ಆರು ಅಂದ ಮ್ಯಾಲೆ ನಿದ್ದಿ ಹತ್ತಲಿಲ್ಲಪಾ. ಕೇಳದ ನೂರು ಹೆಚ್ಚಿಗಿ ಕೊಟ್ಟ ಮನಶಾಗ ಹ್ಯಾಂಗ ಎದುರ ನಿಲ್ಲೂದು? ಮುಂಜಾನೆದ್ದು ಮುಂಗಡ ಬಿಟ್ಟ ಬಂದು ನಿನ್ನ ಬಾಜೂ ಕುಂತೆ."

ನಾನು ಕೇಳಿದೆ: "ಮಳಿಗಿ ಸುದ್ದಿ ಕಾಕಾಗ ಗೊತ್ತಿತ್ತೇನ್ರಿ?"

"ಯಾಂವ ಬಲ್ಲ. ಅವರು ಬೆರಳ ಹಿಡದಾಗ ನನ್ನ ಕೈ ಬೆವತಿತ್ತು."

ಈಗ ಗಿರಾಕಿಗಳು ಎಷ್ಟು ಒತ್ತಾಯ ಮಾಡಿದರೂ ನಾನು ಆ ಪ್ರಸಂಗ ಆಡುವುದಿಲ್ಲ. ಆರು ವರ್ಷ ತಪ್ಪು ಆಡಿದ್ದು ಸಾಕು. ಸರಿಯಾಗಿ ಆಡೋಣವೆಂದರೆ ಅಂದು ಕಾಕಾನ ಮುಖ ಹೇಗಿತ್ತೆಂದು ನನಗೆ ಗೊತ್ತಿಲ್ಲ. ನಾನು ಅವರ ಕಡೆ ನೋಡಿಯೇ ಇರಲಿಲ್ಲ.