ಪೂಜೆಯ ನಂತರ ಕಾಣೆಯಾದ ಪ್ರಿಂಟರು

‘ಈ ಮನಿ ಹೆಣ್ಣಮಕ್ಕಳ ಕೈಗೆ ಡಿಗ್ರಿ ಬರೂದು ಆಗೂ ಮಾತಲ್ಲ’ ಎಂದವಳು ನನ್ನ ಸೋದರತ್ತೆ, ಅಪ್ಪನ ತಂಗಿ. ನಮ್ಮೂರಾದ ತಳಕಲ್ಲಿನಲ್ಲಿ ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. ಡಿಗ್ರಿ ಬಂತು. ಮನೆತನದಲ್ಲಿ ನಾನೇ ಮೊದಲು. ಕಳೆ ತೆಗೆದ ಕೈ ತೊಳೆದುಕೊಂಡು ಯಲಬುರ್ಗಾ ಬಸ್ಸಿಗೆ ಓಡಿ ಓದಿದ್ದು, ಹೇಳಿಕೊಳ್ಳಲು ಸಂಕೋಚವಿಲ್ಲ. ಅತ್ತೆಯ ಆ ಮಾತು ಮಾತ್ರ ಮರೆಯಲಾಗಲಿಲ್ಲ. ಹಬ್ಬಕ್ಕೆ ಊರಿಗೆ ಹೋಗುವುದು ಬಿಟ್ಟೆ.

ಗಂಗಾವತಿಯ ಒಂದು ಕಾಲೇಜಿನ ಆಫೀಸಿನಲ್ಲಿ ನನಗೆ ಕೆಲಸ. ಅಲ್ಲಿ ನಾನು ‘ಕಂಪ್ಯೂಟರ್ ಮೇಡಂ’. ಹೆಸರು ಹಿಡಿದು ಕರೆಯುವವರು ಗಂಗಾವತಿಯಲ್ಲೇ ಯಾರೂ ಇರಲಿಲ್ಲ. ಬಾಡಿಗೆ ಕೋಣೆಯಲ್ಲಿ ದಸರಾ ಕಳೆದು, ಆಫೀಸು ತೆರೆದ ದಿನ ಜವಾನರನ್ನು ಬಿಟ್ಟರೆ ಎಲ್ಲರಿಗಿಂತ ಮೊದಲು ಬಂದು ಕುಳಿತಿದ್ದೆ.

ಕಿಟಕಿಯಲ್ಲಿ ಅತ್ತೆಯ ಮುಖ ಕಂಡಿತು.

‘ಆಕಿ ಕೊಪ್ಪಳದಾಗ ಪಾಳಿ ಹಚ್ಚಿ ನಿಂತಾಳ. ಬಿ.ಎಡ್. ಸೀಟು. ಇವತ್ತ ಕಡೀ ದಿನ ಅಂತ. ಟಿ.ಸಿ. ಇಲ್ದ ತಗೊಳ್ಳೂದಿಲ್ಲಂತ.’

ಆಕಿ ಎಂದರೆ ಅವಳ ಮಗಳು, ಆ ವರ್ಷವಷ್ಟೇ ನಮ್ಮ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದವಳು. ಪ್ರಾಂಶುಪಾಲರು ಮಧ್ಯಾಹ್ನ ಹೊರಡುವವರಿದ್ದರು. ಅಷ್ಟರೊಳಗೆ ಸಹಿ ಆಗಬೇಕು.

ಟಿ.ಸಿ. ಸಿದ್ಧ ಮಾಡಿ ಪ್ರಿಂಟ್ ಕೊಟ್ಟೆ. ಕಾಗದ ಬರಲಿಲ್ಲ. ಪ್ರಿಂಟರಿನ ಹಸಿರು ದೀಪ ಉರಿಯುತ್ತಿತ್ತು. ಕಂಪ್ಯೂಟರಿನಿಂದ ಅದರ ಹೆಸರು ಕೊಟ್ಟು ‘ಇದ್ದೀಯಾ’ ಎಂದು ಕೇಳಿದರೆ ನೆಟ್‌ವರ್ಕಿನಿಂದ ಉತ್ತರವೂ ಬರುತ್ತಿತ್ತು. ತಂತಿ ಕಿತ್ತು ಮತ್ತೆ ಸಿಕ್ಕಿಸಿದೆ. ಇಲ್ಲ.

‘ನಿನಗ ಬರ್ತೈತಿಲ್ಲೋ?’ ಎಂದಳು ಅತ್ತೆ.

‘ತಡಿ ಅತ್ತಿ.’

ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಪ್ರಿಂಟರಿನ ಹಣೆಯ ಮೇಲೆ ಆಯುಧ ಪೂಜೆಯ ವಿಭೂತಿ ಒಣಗಿತ್ತು. ಅದನ್ನು ನೋಡುತ್ತ ಹೊಳೆಯಿತು. ಪೂಜೆಗೆಂದು ಎಲ್ಲ ಯಂತ್ರಗಳನ್ನೂ, ಅವಕ್ಕೆ ನೆಟ್‌ವರ್ಕಿನ ವಿಳಾಸದ ನಂಬರು ಹಂಚುವ ರೌಟರನ್ನೂ ಆರಿಸಿ, ಒರೆಸಿ, ಸಾಲಾಗಿ ಕೂರಿಸಿದ್ದರು. ಬೆಳಿಗ್ಗೆ ಜವಾನರು ಕೈಗೆ ಸಿಕ್ಕ ಕ್ರಮದಲ್ಲಿ ಹಚ್ಚಿದ್ದರು. ರೌಟರು ಮೊದಲು ಎದ್ದವರಿಗೆ ಮೊದಲ ನಂಬರು ಕೊಟ್ಟಿತ್ತು. ನನ್ನ ಕಂಪ್ಯೂಟರಿನಲ್ಲಿ ಮಾತ್ರ, ನನಗಿಂತ ಮೊದಲು ಇದ್ದವರು ಪ್ರಿಂಟರಿನ ಹೆಸರಿನ ಮುಂದೆ ಹಳೆಯ ನಂಬರನ್ನು ಕೈಯಿಂದ ಬರೆದಿಟ್ಟು ಹೋಗಿದ್ದರು. ಆ ನಂಬರಿನಲ್ಲಿ ಈಗ ಬೇರೆ ಯಾರೋ ಕುಳಿತು ಓಗೊಡುತ್ತಿದ್ದರು.

ಪ್ರಿಂಟರಿನ ಗುಂಡಿ ಒತ್ತಿ ಹಿಡಿದೆ. ಅದು ತನ್ನದೇ ವಿವರದ ಹಾಳೆ ಹೊರಗೆ ಹಾಕಿತು. ನಂಬರು ಬೇರೆಯೇ ಇತ್ತು. ಹಳೆಯದನ್ನು ಅಳಿಸಿ ಹೊಸದನ್ನು ಬರೆದೆ. ಇನ್ನೊಂದು ಪೂಜೆಗೆ ಮತ್ತೆ ಹೀಗಾಗದಂತೆ ಆ ನಂಬರು ಪ್ರಿಂಟರಿಗೇ ಎಂದು ರೌಟರಿನಲ್ಲೂ ಕಟ್ಟಿಹಾಕಿದೆ. ಮತ್ತೆ ಪ್ರಿಂಟ್ ಕೊಟ್ಟೆ. ಕಾಗದ ಬಿಸಿಬಿಸಿ ಬಂತು.

ಪ್ರಾಂಶುಪಾಲರು ಬಾಗಿಲಲ್ಲಿ ನಿಂತೇ ಸಹಿ ಮಾಡಿದರು. ಸೀಲು ಒತ್ತಿ ಅತ್ತೆಯ ಕೈಗೆ ಕೊಟ್ಟೆ. ಅವಳಿಗೆ ಓದು ಬರುವುದಿಲ್ಲ. ಆದರೂ ಮೇಲಿಂದ ಕೆಳಗಿನವರೆಗೆ ನೋಡಿದಳು. ಖಾಲಿ ಕುರ್ಚಿಗಳನ್ನೂ ನೋಡಿದಳು.

‘ಇಲ್ಲಿ ಒಬ್ಬಾಕಿನ ಇರ್ತಿ?’

‘ಹೂಂ.’

ಸೆರಗಿನ ಗಂಟು ಬಿಚ್ಚಿ ದಸರಾ ಹಬ್ಬದ ನಾಲ್ಕು ಬನ್ನಿ ಎಲೆ ತೆಗೆದು ನನ್ನ ಅಂಗೈಯಲ್ಲಿಟ್ಟಳು.

‘ತಗೋ, ಬಂಗಾರದ್ಹಂಗ ಇರೋಣು. ಬಸ್ಸಿನ್ಯಾಗ ಬಾಡ್ಯಾವ. ಬರೂ ವರ್ಷ ಊರಾಗ ತಗೋ.’