ಇಪ್ಪತ್ತೆರಡು ಕಿಲೋಗೆ ಮುರಿಯಬೇಕಿದ್ದ ಮಂಜುಗಡ್ಡೆ

ಕುವೈತಿನ ಮಿರ್ಕಾಬ್‌ನಲ್ಲಿ ಒಂದು ಹಡಗು ಕಂಪನಿಯ ಕಚೇರಿ. ಅದರ ಹಿಂದಿನ ಶೀತಕೋಣೆಯಲ್ಲಿ ಮಂಜುಗಡ್ಡೆ ಮುರಿಯುವುದೇ ನನ್ನ ಕೆಲಸ. ಚಳಿದೇಶಗಳ ಸಿಹಿನೀರ ಸರೋವರಗಳು ಹೆಪ್ಪುಗಟ್ಟಿದರೆ ಹಡಗು ಮುಂದೆ ಹೋಗುವುದಿಲ್ಲ. ಆ ಗಡ್ಡೆ ಎಷ್ಟು ಗಟ್ಟಿ ಎಂದು ಕಂಪನಿಗೆ ತಿಳಿಯಬೇಕಿತ್ತು. ನೀರು ಹೆಪ್ಪುಗಟ್ಟಿಸಿ, ಮೊಳದುದ್ದದ ಪಟ್ಟಿ ಕೊಯ್ದು, ಎರಡೂ ತುದಿಗೆ ಆಸರೆ ಕೊಟ್ಟು, ನಡುವೆ ತೂಕ ನೇತುಹಾಕುತ್ತಿದ್ದೆ. ಎಷ್ಟು ಕಿಲೋಗೆ ಮುರಿಯಿತೋ ಅದು ನೋಟ್‌ಬುಕ್ಕಿಗೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ಅಪ್ಪ ಕ್ವಾರಿಯಲ್ಲಿ ಕಲ್ಲು ಒಡೆದವರು. "ಓದಿಯೂ ಒಡೆಯೋ ಕೆಲ್ಸವೇ ಹಿಡಿದ್ಯಲ್ಲೋ" ಎಂದು ಕಾಗದ ಬರೆಸಿದ್ದರು. ಆ ನೋಟ್‌ಬುಕ್ಕಿನಲ್ಲಿ ಒಂದಂಕಿಯೂ ಸುಳ್ಳಿರಲಿಲ್ಲ.

ತೊಂಬತ್ತರ ಆಗಸ್ಟಿನಲ್ಲಿ ಪಕ್ಕದ ದೇಶದ ಸೈನ್ಯ ಊರೊಳಗೆ ಬಂತು. ಕೆಲವು ದಿನಗಳಲ್ಲೇ ಮೂವರು ಸೈನಿಕರು ಶೀತಕೋಣೆಯ ಬಾಗಿಲು ಒದ್ದು ನುಗ್ಗಿದರು. ಅವರ ಅಧಿಕಾರಿ ನೋಟ್‌ಬುಕ್ ತಿರುವಿ, ಹರಕು ಇಂಗ್ಲಿಷಿನಲ್ಲಿ, ಇದು ಸ್ಫೋಟಕದ ಲೆಕ್ಕ ಎಂದ. ನನ್ನ ಸಹಾಯಕ, ಮಂಗಳೂರಿನವನು, ನಕ್ಕುಬಿಟ್ಟ. "ಐಸು ಸಾರ್, ಬರೀ ಐಸು!"

ಬಂದೂಕಿನ ಹಿಂಬದಿ ಅವನ ಮೊಣಕೈಗೆ ಬಿತ್ತು. ಮುರಿದ ಸದ್ದು ನನಗೆ ಚೆನ್ನಾಗಿ ಗೊತ್ತಿದ್ದ ಸದ್ದೇ. ಆಮೇಲೆ ಅಧಿಕಾರಿ ಪಿಸ್ತೂಲನ್ನು ಅವನ ಹಣೆಗಿಟ್ಟು ನನ್ನ ಕಡೆ ತಿರುಗಿದ.

"ಇಪ್ಪತ್ತೆರಡು ಅಂತ ಬರೆದಿದ್ದೀಯ. ಇಪ್ಪತ್ತೆರಡಕ್ಕೇ ಮುರಿದು ತೋರಿಸು. ಇಲ್ಲದಿದ್ದರೆ ಇವನು ಖಲಾಸ್."

ಪಟ್ಟಿ ಹನ್ನೆರಡಕ್ಕೇ ಮುರಿಯಿತು.

"ಬಾಗಿಲು ಹಾಕಿ! ಬಿಸಿಗಾಳಿ ಹೊಕ್ಕರೆ ಗಡ್ಡೆ ಬೆವರುತ್ತೆ, ಬೆವರಿದ ಗಡ್ಡೆಗೆ ಬಲ ಇರಲ್ಲ!" ಎಂದು ಕಿರುಚಿದೆ. ಮುಖಕ್ಕೆ ಬಿದ್ದ ಏಟಿಗೆ ಮೂಗಿನಿಂದ ರಕ್ತ ಸುರಿಯಿತು. ಆದರೂ ಅಧಿಕಾರಿ ಬಾಗಿಲು ಹಾಕಿಸಿದ. ಮುಕ್ಕಾಲು ಗಂಟೆ ಎಲ್ಲರೂ ಆ ಚಳಿಯಲ್ಲಿ ಹಲ್ಲು ಕಟಕಟಿಸುತ್ತ ನಿಂತೆವು. ನನ್ನ ರಕ್ತ ಮೀಸೆಯ ಮೇಲೆ ಗಟ್ಟಿಯಾಯಿತು.

ಮೂಲೆಯಿಂದ ಇನ್ನೊಂದು ಪಟ್ಟಿ ತಂದೆ. ಹದಿನೆಂಟು. ಇಪ್ಪತ್ತು. ಇಪ್ಪತ್ತೆರಡು.

ಮುರಿಯಲಿಲ್ಲ.

ಸಹಾಯಕ ಕಣ್ಣು ಮುಚ್ಚಿಕೊಂಡ. ತೂಕ ಸರಿಪಡಿಸುವವನಂತೆ ಬಾಗಿ, ಪಟ್ಟಿಯ ನಡುವೆ ಹೆಬ್ಬೆರಳೂರಿ ಒತ್ತಿದೆ. ಪಟಾರನೆ ಎರಡು ತುಂಡು.

ಅಧಿಕಾರಿ ಪಿಸ್ತೂಲು ಇಳಿಸಿದ. ಹೋಗುವ ಮುನ್ನ ಇಬ್ಬರ ಹೊಟ್ಟೆಗೂ ಒಂದೊಂದು ಒದೆ ಕೊಟ್ಟು ಹೋದ.

ನೆಲದಲ್ಲಿ ಬಿದ್ದುಕೊಂಡೇ ಸಹಾಯಕನೆಂದ, "ಬರಿ ಮಾರಾಯ. ನನ್ನ ಕೈ ಎಷ್ಟು ಕಿಲೋಗೆ ಮುರಿದದ್ದು, ಅದನ್ನೂ ಬರಿ."

ನನ್ನ ಅಂಗಿ ಹರಿದು ಅವನ ಕೈ ಕಟ್ಟಿದೆ. ನಂತರ ನೋಟ್‌ಬುಕ್ ಎತ್ತಿಕೊಂಡು ಬರೆದೆ: ಇಪ್ಪತ್ತೆರಡು ಕಿಲೋ, ಜೊತೆಗೆ ಒಂದು ಹೆಬ್ಬೆರಳು.